ಅಣಬೆ ಕೋಣೆಗೆ ಹಸಿರು ತಂದವನ ಮರುಪ್ರವೇಶ

ದಿನಾಂಕ: 9 ಜುಲೈ 2019, ಬೆಳಿಗ್ಗೆ 6 ಗಂಟೆ 40 ನಿಮಿಷ

ಇಂದ:
ತಮ್ಮ ಗಂಡ,
ತಂತ್ರಜ್ಞ, ಉಪಕಾರಿ ಶಿಲೀಂಧ್ರ ತಯಾರಿಕಾ ಘಟಕ
(ಹಾಲಿ ವಿಳಾಸ: ಸೈಕಲ್ ಶೆಡ್ಡು)

ಗೆ:
ಅಣಬೆ ಕೋಣೆಯ ಮಾಲೀಕರು,
ಅದೇ ಮನೆ

ವಿಷಯ: ಮನೆಯೊಳಗೆ ಮರುಪ್ರವೇಶ ಕೋರಿ.

ಉಲ್ಲೇಖ:
1. ಕಿಟಕಿಯಿಂದ ತಾವು ಹೊರಡಿಸಿದ ಆದೇಶ: "ರೀ, ಆ ಅಂಗಿ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ."
2. ತಮ್ಮ ತಾಯಿಯವರ ತಿದ್ದುಪಡಿ: "ನೀನ್ಯಾಕೆ ಹೋಗ್ತೀಯೇ? ಅಳಿಯಂದ್ರು ಹೇಗೂ ಹೊರಗೇ ಇದ್ದಾರಲ್ಲ."

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನಾನು ಘಟಕದಲ್ಲಿ ಬೆಳೆಸುವ ಟ್ರೈಕೋಡರ್ಮಾ ಎಂಬ ಹಸಿರು ಶಿಲೀಂಧ್ರವು, ಟೊಮೆಟೊ ಬೇರನ್ನು ಕೊಳೆಸುವ ಇನ್ನೊಂದು ಶಿಲೀಂಧ್ರದ ಎಳೆಗಳಿಗೆ ಸುತ್ತಿಕೊಂಡು ಅದನ್ನು ತಿಂದುಹಾಕುತ್ತದೆ. ಗಿಡದ ತಂಟೆಗೆ ಹೋಗುವುದಿಲ್ಲ. ರೈತರ ಪಾಲಿಗೆ ಅದು ಸಜ್ಜನ. ಆದರೆ ತಮ್ಮ ಚಿಪ್ಪಣಬೆಯೂ ಶಿಲೀಂಧ್ರವೇ ಆದ ಕಾರಣ, ಯಾರು ಕಳ್ಳರು, ಯಾರು ಮನೆಯವರು ಎಂಬುದು ಅದಕ್ಕೆ ತಿಳಿಯದು.

2. ಕಳೆದ ತಿಂಗಳು, ತಮಗೆ ಸಹಾಯವಾಗಲೆಂದು, ಘಟಕದ ಅಂಗಿಯಲ್ಲೇ ಅಣಬೆ ಕೋಣೆಗೆ ಹೋಗಿ, ಅಣಬೆ ಬೆಳೆಯುವ ಹುಲ್ಲಿನ ಚೀಲಗಳನ್ನು ಒಂದೊಂದಾಗಿ ತಬ್ಬಿ ಎತ್ತಿಟ್ಟವನು ನಾನೇ. ವಾರದೊಳಗೆ, ಬೆಳ್ಳಗಿದ್ದ ಚೀಲಗಳೆಲ್ಲ ಹಸಿರಾದವು.

3. ಇಷ್ಟಕ್ಕೇ ನಿಂತಿದ್ದರೆ ತಾವು ಕ್ಷಮಿಸುತ್ತಿದ್ದಿರಿ. ಆದರೆ ತಾವು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ನನ್ನ ಬಾಯಿಂದ, "ಅಬ್ಬಾ, ಎಂಥಾ ಬೆಳವಣಿಗೆ! ನಮ್ಮ ಘಟಕದಲ್ಲೂ ಹೀಗೆ ಬಂದಿಲ್ಲ ಕಣೇ. ಒಂದು ಚಮಚ ಕೊಡು, ಸ್ಯಾಂಪಲ್ ತಗೋತೀನಿ" ಎಂಬ ಮಾತು ಹೊರಟಿತು. ಚಮಚ ಬಂತು, ಹಣೆಗೆ ತಗುಲಿತು. ಗಾಯ ಮಾಗಿದೆ.

4. ಅಂದಿನಿಂದ ಘಟಕದಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರುತ್ತಿದ್ದೇನೆ. ಶಿಲೀಂಧ್ರ ಬೆಳೆಸುವ ಗಾಜಿನ ತಟ್ಟೆಗಳಿಗೆ ಕೈ, ಕೂದಲು, ಕಿವಿಗಳನ್ನು ಒತ್ತಿ ಪರೀಕ್ಷಿಸಿಕೊಂಡಿದ್ದೇನೆ. ಎಲ್ಲವೂ ಶುದ್ಧ. ಮೀಸೆ ಒತ್ತಿದ ತಟ್ಟೆ ಮಾತ್ರ ಮೂರೇ ದಿನಕ್ಕೆ ಹಸಿರಾಯಿತು. ಹೀಗಾಗಿ, "ಮೀಸೇಲೇ ಅರ್ಧ ಫ್ಯಾಕ್ಟರಿ ಇಟ್ಕೊಂಡು ಓಡಾಡ್ತೀರಿ" ಎಂದು ತಾವು ಹೇಳಿದ್ದು ವೈಜ್ಞಾನಿಕವಾಗಿ ಸಾಬೀತಾಗಿದೆ.

5. ಆದ್ದರಿಂದ, ನಮ್ಮ ಮದುವೆಗೂ ಮುಂಚಿನಿಂದ ಕರ್ತವ್ಯದಲ್ಲಿದ್ದ ಸದರಿ ಮೀಸೆಯನ್ನು ಇಂದು ಬೆಳಿಗ್ಗೆ ಸೇವೆಯಿಂದ ಬಿಡುಗಡೆಗೊಳಿಸಲಾಗಿದೆ.

ಶೆಡ್ಡಿನಲ್ಲಿ ಸೈಕಲ್ ಬಿಟ್ಟರೆ ಮಾತಾಡಲು ಯಾರೂ ಇಲ್ಲ. ಆದಕಾರಣ, ಹೊಸ ಚೀಲಗಳ ಹತ್ತಿರ ಸುಳಿಯುವುದಿಲ್ಲವೆಂಬ ಷರತ್ತಿನ ಮೇಲೆ, ಅಡುಗೆಮನೆಯವರೆಗಾದರೂ ಪ್ರವೇಶ ನೀಡಬೇಕಾಗಿ ಕೋರುತ್ತೇನೆ. ಬಾಗಿಲು ತೆರೆದಾಗ ಗುರುತು ಸಿಗದೆ ಕೂಗಿಕೊಳ್ಳಬಾರದು. ನಾನೇ.

ತಮ್ಮ ವಿಶ್ವಾಸಿ, ಹಾಗೂ ಇನ್ನೂ ಗಂಡ,
(ಸಹಿ)

ಲಗತ್ತುಗಳು:
1. ಗಾಜಿನ ತಟ್ಟೆಗಳು (ಶುದ್ಧವಾದವು ಮಾತ್ರ)
2. ಚಮಚ (ತೊಳೆದದ್ದು)
3. ಮೀಸೆ, ಬಿಗಿಯಾಗಿ ಮುಚ್ಚಿದ ಚೀಲದಲ್ಲಿ. ದಯವಿಟ್ಟು ಮನೆಯೊಳಗೆ ಬಿಚ್ಚಬಾರದು. ತೂಕ: 0.32 ಗ್ರಾಂ.