ನಾನು ಅಂದರೆ ಯಾರು?

ನಮ್ಮ ಸೋದರಮಾವನಿಗೆ ಕಳ್ಳರ ಮೇಲಿದ್ದಷ್ಟು ನಂಬಿಕೆ ನೆಂಟರ ಮೇಲಿರಲಿಲ್ಲ. ಕಳ್ಳ ಕದಿಯುತ್ತಾನೆಂಬುದಾದರೂ ಖಾತ್ರಿ, ನೆಂಟರ ವಿಷಯ ಹೇಳಲಾಗದು ಎಂಬುದು ಅವನ ವಾದ.

ನಮ್ಮ ಕಡೆ ಕದ ತಟ್ಟಿದವರನ್ನು "ಯಾರು?" ಎಂದರೆ ಬರುವ ಉತ್ತರ ಒಂದೇ, "ನಾನು". ಊರಿಗೂರೇ ಹೀಗೆ ನಾನು ನಾನು ಎನ್ನುತ್ತಾ ಒಬ್ಬರ ಮನೆಗೊಬ್ಬರು ನುಗ್ಗಿ ಕಾಫಿ ಕುಡಿದು ಬದುಕಿದೆ. ಮಾವನಿಗೆ ಮಾತ್ರ ಇದು ಸರಿಬರಲಿಲ್ಲ. ಒಮ್ಮೆ ತುರುವೇಕೆರೆಯಿಂದ ಬಂದ ಸ್ವಂತ ಬೀಗರನ್ನೇ ಬಿಸಿಲಲ್ಲಿ ನಿಲ್ಲಿಸಿ, "ನಾನು ಅಂದ್ರೆ ಯಾರ್ರೀ? ಕಳ್ಳನೂ ನಾನು ಅಂತಾನೆ" ಎಂದ.

ಬೀಗರು ಹೊತ್ತು ತಂದಿದ್ದ ಎಳನೀರಿನ ಗೊನೆಯನ್ನು ಜಗುಲಿಯ ಮೇಲಿಟ್ಟು, "ಕಳ್ಳ ಎಳ್ನೀರು ತಗಂಡೋಯ್ತಾನೆ ಕಣ್ರೀ, ತಂದ್ಕೊಡಲ್ಲ" ಎಂದು ಬಂದ ಬಸ್ಸಿಗೇ ಹಿಂದಿರುಗಿದರು.

ಇಂಥವನ ಕೈಗೆ ಕಂಪ್ಯೂಟರ್ ಸಿಕ್ಕರೆ ಬಿಡುತ್ತಾನೆಯೇ? ಎರಡು ಸಾವಿರದ ಇಸವಿಯ ಆಚೀಚೆ, ಕೊಬ್ಬರಿ ಮಂಡಿಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿಕೊಡುವ ಅಂಗಡಿಯನ್ನು ತಿಪಟೂರಿನಲ್ಲಿ ತೆರೆದ. ಪಾಸ್‌ವರ್ಡನ್ನು ಯಾರು ಯಾರಿಗೆ ಬೇಕಾದರೂ ಹೇಳಿಕೊಡಬಹುದಲ್ಲ ಎಂದು ಎಲ್ಲಿಂದಲೋ ಒಂದು ಪ್ರೋಗ್ರಾಂ ತಂದು ಕೂರಿಸಿದ. ಕೀಲಿಮಣೆಯ ಮೇಲೆ ಯಾರ ಬೆರಳು ಹೇಗೆ ಓಡುತ್ತದೆಂಬುದನ್ನು ಅದು ತಾನೇ ಕಲಿಯುತ್ತಿತ್ತು. ಓಟ ಬದಲಾದರೆ "ಅಪರಿಚಿತ ವ್ಯಕ್ತಿ" ಎಂದು ಬಾಗಿಲು ಹಾಕುತ್ತಿತ್ತು. "ಅದುಕ್ಕೆ ಜಾತಿ ಇಲ್ಲ, ದಾಕ್ಷಿಣ್ಯ ಇಲ್ಲ, ಲಂಚ ಇಲ್ಲ. ಸುಳ್ಯಾಕ್ ಹೇಳ್ತದೆ?" ಎನ್ನುತ್ತಾ ಮಾವ ಅದನ್ನು ಹೆತ್ತ ಮಗನಿಗಿಂತ ಹೆಚ್ಚು ನಂಬಿದ.

ಟೈಪು ಮಾಡಲು ಕಂದಿಕೆರೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಒಂದು ದಿನ ಮಾವ ಮಂಡಿಗೆ ಹೋಗಿ ಬರುವಷ್ಟರಲ್ಲಿ, ಅವಳ ಪಾಸ್‌ವರ್ಡ್ ಬಳಸಿದ್ದು ಅವಳಲ್ಲ, ಯಾರೋ ಅಪರಿಚಿತರು ಎಂದು ಯಂತ್ರ ತೀರ್ಪು ಕೊಟ್ಟಿತ್ತು. ಹಿಂದಿನ ದಿನ ಮನೆಯಲ್ಲಿ ಕೊಬ್ಬರಿ ಒಡೆಯುವಾಗ ಮಚ್ಚು ತಾಗಿದ ಹೆಬ್ಬೆಟ್ಟಿಗೆ ಅವಳು ಬಟ್ಟೆ ಸುತ್ತಿಕೊಂಡಿದ್ದಳು. "ನಾನೇ ಸಾರ್" ಎಂದು ಬೆರಳು ತೋರಿಸಿದಳು. ಅದು ನೆಪ, ಪಾಸ್‌ವರ್ಡನ್ನು ಯಾರಿಗೋ ಕೊಟ್ಟು ಮಂಡಿಯ ಲೆಕ್ಕ ಕದಿಸಿದ್ದಾಳೆ ಎಂದ ಮಾವ ಅವಳನ್ನು ಕೆಲಸದಿಂದ ಬಿಡಿಸಿದ. ಕಳ್ಳಿ ಎಂಬ ಹೆಸರು ಹೊತ್ತವಳಿಗೆ ಬೇರೆ ಮಂಡಿಯವರೂ ಕೆಲಸ ಕೊಡಲಿಲ್ಲ.

"ನಿಮ್ ಮಿಶಿನ್ಗೆ ಹೆಬ್ಬೆಟ್ಟೇ ಇಲ್ಲ, ಗಾಯ ಅಂದ್ರೆ ಅದುಕ್ಕೇನ್ ಗೊತ್ತು?" ಎಂದಳು ಅತ್ತೆ.

"ಅದು ತಪ್ಪು ಮಾಡಿದ್ರೆ ಯಾರನ್ನ ಕೇಳ್ಬೇಕು ಮಾವ?" ಎಂದೆ ನಾನು.

"ಅದು ತಪ್ಪು ಮಾಡಲ್ಲ ಕಣ್ಲಾ." ಮೇಲ್ಮನವಿ ಅಲ್ಲಿಗೇ ವಜಾ ಆಯಿತು.

ಮರುವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ನಾಲಿಗೆ ತೊದಲಿತು. ಆಸ್ಪತ್ರೆಯಿಂದ ಬಂದವನು ನನ್ನ ಹೆಗಲು ಹಿಡಿದು ಮೊದಲು ಹೋದದ್ದು ಅಂಗಡಿಗೆ. ಎಡಗೈಯ ಒಂದೊಂದೇ ಬೆರಳಲ್ಲಿ ಪಾಸ್‌ವರ್ಡ್ ಒತ್ತಿದ. ಅಪರಿಚಿತ ವ್ಯಕ್ತಿ. ಮತ್ತೆ ಒತ್ತಿದ. ಮತ್ತೆ ಅದೇ.

"ನಾನು ಕಣೋ" ಎಂದ ಮಾವ, ಪರದೆಗೆ.

ನನಗೆ ನಗು ಬಂತು. ಅವನ ಮುಖ ನೋಡಿದ ಮೇಲೆ ನಿಂತುಹೋಯಿತು. ಮತ್ತೆ ನನ್ನ ಹೆಗಲು ಹಿಡಿದು ಎದ್ದು, "ಕಂದಿಕೆರೆ ಬಸ್ ಹತ್ಸು" ಎಂದ.

ಹುಡುಗಿಯ ಮನೆಯ ಕದ ಮುಚ್ಚಿತ್ತು. ಮಾವ ಎಡಗೈಯಲ್ಲಿ ತಟ್ಟಿದ.

"ಯಾರು?"

ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ. "ನಾ... ನಾನು ಕಣವ್ವ."

ಕೂಡಲೇ ಚಿಲಕ ತೆಗೆದ ಸದ್ದಾಯಿತು. ಕದ ತೆರೆಯುವ ಮೊದಲೇ ಒಳಗಿಂದ ಹುಡುಗಿಯ ದನಿ ಬಂತು, "ಒಳಿಕ್ ಬನ್ನಿ ಸಾರ್."

"ದನಿ ಹಿಂಗಾಗೈತೆ. ನಾನೇ ಅಂತ ಹೆಂಗ್ ಗೊತ್ತಾಯ್ತವ್ವ?"

"ನೀವೇ ಹೇಳುದ್ರಲ್ಲ ಸಾರ್, ನಾನು ಅಂತ."

ಮಾವ ಹೊಸಿಲ ಮೇಲೇ ಕುಸಿದು ಕೂತು, "ತಪ್ಪು ನಂದು, ಮಂಡಿಯೋರ್ ಮುಂದೇನೇ ಹೇಳ್ತೀನಿ" ಎಂದು ತೊದಲುತ್ತಾ ಅತ್ತುಬಿಟ್ಟ.