ನನ್ನ ಗದ್ದ, ಮೇಷ್ಟ್ರು ತಂದ ಬ್ಲೇಡು

ಅವತ್ತಿನ ಬೆಳಗೂ ಎಲ್ಲ ಬೆಳಗಿನಂತೆಯೇ ಶುರುವಾಗಿತ್ತು. ಡೈರಿ ಹಾಲು ಒಲೆಯ ಮೇಲಿಟ್ಟು ನಾನು ಬಾಗಿಲಿಗೆ ನೀರು ಹಾಕಲು ಹೋದೆ, ನಾನು ಅತ್ತ ಹೋದದ್ದನ್ನು ನೋಡಿಕೊಂಡು ಹಾಲು ಉಕ್ಕಿತು. ರಂಗೋಲಿಯ ಕೊನೆಯ ಎಳೆಯನ್ನು ಅರ್ಧಕ್ಕೆ ಬಿಟ್ಟು ಒಳಗೆ ಓಡಿ ಒಲೆ ಒರೆಸಿದೆ. ಹಿತ್ತಲ ಬಾಗಿಲಿನ ಪಕ್ಕದ ಕನ್ನಡಿಯ ಮುಂದೆ ನಮ್ಮ ಮೇಷ್ಟ್ರು ಮುಖಕ್ಕೆ ನೊರೆ ಬಳಿದುಕೊಂಡು ನಿಂತಿದ್ದರು. ಮೇಷ್ಟ್ರು ಅಂದರೆ ನನ್ನ ಯಜಮಾನರು. ಕೊಪ್ಪದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ಇಡೀ ಬೀದಿ ಹಾಗೆ ಕರೆಯುವುದರಿಂದ ನನಗೂ ಅದೇ ಬಾಯಿಗೆ ಬಂದಿದೆ. ಮನೆಯಲ್ಲಿ ಸರಿಯಾಗಿ ಬೆಳಕು ಬೀಳುವ ಕನ್ನಡಿ ಅದೊಂದೇ. ಅವರು ಮುಖ ತೊಳೆದು ಟವೆಲಿನಲ್ಲಿ ಒರೆಸಿಕೊಂಡು ಪಕ್ಕಕ್ಕೆ ಸರಿದರು. ನಾನು ಸೆರಗು ಸಿಕ್ಕಿಸಿ, ನೊರೆಯ ಡಬ್ಬಿ ಕೈಗೆ ತೆಗೆದುಕೊಂಡೆ.

ಹೌದು, ನೀವು ಸರಿಯಾಗಿಯೇ ಓದಿದ್ದೀರಿ. ನನ್ನ ಸರದಿ ಅವರಾದ ಮೇಲೆ.

ಇದು ಒಂದೇ ದಿನದಲ್ಲಿ ಬಂದ ಯೋಗವಲ್ಲ. ಮೊದಲು ಗದ್ದದ ಕೆಳಗೆ ಒಂದೇ ಒಂದು ಕೂದಲು ಕಾಣಿಸಿಕೊಂಡಿತು. ಗಟ್ಟಿ, ಕಪ್ಪು, ತಾನು ಯಾರಿಗೂ ಕಡಿಮೆಯಿಲ್ಲವೆಂಬ ಠೀವಿಯದು. ಕಿತ್ತೆ. ಅದು ಹೋಗಿ ತನ್ನ ಬಂಧುಬಳಗವನ್ನೆಲ್ಲ ಕರೆದುಕೊಂಡು ಬಂತು. ಕಾನ್ವೆಂಟಿನಲ್ಲಿ ಓದುವಾಗ ಕ್ರಿಸ್ಮಸ್ ನಾಟಕಕ್ಕೆ ನನಗೆ ಕುರಿ ಕಾಯುವ ಮುದುಕನ ಪಾತ್ರ ಕೊಟ್ಟಿದ್ದರು. ಸಿಸ್ಟರ್ ಹತ್ತಿಯಲ್ಲಿ ಗಡ್ಡ ಮಾಡಿ, ಅಂಟು ಹಚ್ಚಿ ಮೆತ್ತಿದ್ದರು. ಹಾಡಿನ ನಡುವೆ ಅದು ಕಳಚಿ ಕುರಿಯ ಪಾತ್ರದ ಹುಡುಗಿಯ ತಲೆ ಮೇಲೆ ಬಿದ್ದು, ನಾನು ವೇದಿಕೆಯಲ್ಲೇ ಅತ್ತಿದ್ದೆ. ಗಡ್ಡ ನಿಲ್ಲಲಿಲ್ಲವೆಂದು ಅಷ್ಟೊಂದು ಅತ್ತ ಹುಡುಗಿಯ ಮೊರೆ ದೇವರಿಗೆ ಸ್ವಲ್ಪ ತಡವಾಗಿ ಮುಟ್ಟಿರಬೇಕು.

ಆತಗೂರಿನಲ್ಲಿರುವ ನಮ್ಮ ಅತ್ತೆ ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಹಾಲಿನ ಕೆನೆ ಕಲಸಿ ತಿಕ್ಕಲು ಹೇಳಿದರು. ತಿಕ್ಕಿದೆ. ಮುಖ ಹಳದಿಯಾಯಿತು, ದಿಂಬಿನ ಕವರೂ ಹಳದಿಯಾಯಿತು, ಕೂದಲು ಮಾತ್ರ ಪೋಷಣೆ ಸಿಕ್ಕಿದಂತೆ ಮಿರುಗಿತು. ಮದ್ದೂರಿನ ಪಾರ್ಲರಿನಲ್ಲಿ ದಾರ ಎಳೆಸಿದರೆ ಕಣ್ಣಲ್ಲಿ ನೀರು, ಚರ್ಮದಲ್ಲಿ ಗುಳ್ಳೆ. ಕೊನೆಗೆ ಉಳಿದ ಉಪಾಯವೆಂದರೆ ಗದ್ದದ ಮೇಲೆ ಕೈಯಿಟ್ಟುಕೊಳ್ಳುವುದು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಪೋಷಕರ ಸಭೆಯಲ್ಲಿ ನಾನು ಗದ್ದಕ್ಕೆ ಕೈಕೊಟ್ಟೇ ಕೂತಿರುತ್ತಿದ್ದೆ. ನನ್ನನ್ನು ಎಲ್ಲರೂ ವಿಚಾರವಂತೆ ಅಂದುಕೊಂಡರು. ಮಗಳ ಶಾಲೆಯಲ್ಲಿ ಒಂದು ಸಮಿತಿಗೂ ಸೇರಿಸಿಕೊಂಡರು.

ಮಂಡ್ಯದ ಚರ್ಮದ ಡಾಕ್ಟರ ಬಳಿ ಹೋದಾಗ ನೋಡಿದೆ, ಹೊರಗೆ ಕೂತ ಹೆಂಗಸರೆಲ್ಲ ಗದ್ದಕ್ಕೆ ಕೈಕೊಟ್ಟಿದ್ದರು. ವಿಚಾರವಂತೆಯರ ಸಮ್ಮೇಳನ ನಡೆದ ಹಾಗಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮುಟ್ಟಿನ ಲೆಕ್ಕ, ತೂಕದ ಲೆಕ್ಕ ಎಲ್ಲ ಕೇಳಿ, ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿ, ಇದು ಅಂಡಾಶಯದ ತೊಂದರೆಯಿಂದ ಹಾರ್ಮೋನು ಏರುಪೇರಾಗಿ ಬಂದದ್ದು ಅಂದರು. ಗಂಡಸರ ಹಾರ್ಮೋನು ಪ್ರತಿ ಹೆಂಗಸಿನಲ್ಲೂ ಒಂದಿಷ್ಟು ಇದ್ದೇ ಇರುತ್ತದಂತೆ, ನನ್ನ ಮೈ ಅದರಲ್ಲಿ ಸ್ವಲ್ಪ ಧಾರಾಳಿಯಂತೆ. ಮಾತ್ರೆ ಕೊಟ್ಟರು, ಅದು ಕೆಲಸ ಮಾಡಲು ತಿಂಗಳುಗಟ್ಟಲೆ ಬೇಕು, ಬೇಸರಪಟ್ಟು ಬಿಡಬೇಡಿ ಅಂದರು. ಜೊತೆಗೆ ಲೇಸರ್. ಅದಕ್ಕೆ ಬೇರು ಒಳಗೇ ಇರಬೇಕು, ಆದ್ದರಿಂದ ಕೀಳುವಂತಿಲ್ಲ, ದಾರ ಎಳೆಸುವಂತಿಲ್ಲ. ಪ್ರತಿ ಸಲ ಬರುವ ಹಿಂದಿನ ದಿನ ಶೇವ್ ಮಾಡಿಕೊಂಡು ಬನ್ನಿ ಎಂದು, ತಲೆಗೆ ಸ್ನಾನ ಮಾಡಿ ಬನ್ನಿ ಅನ್ನುವಷ್ಟೇ ಸಲೀಸಾಗಿ ಹೇಳಿದರು. ಬೋಳಿಸಿದರೆ ಇನ್ನೂ ದಪ್ಪಗೆ ಬೆಳೆಯುವುದಿಲ್ಲವೇ ಅಂದೆ. ಹಾಗೇನಾದರೂ ಇದ್ದಿದ್ದರೆ ಬೋಳುತಲೆಯ ಗಂಡಸರು ಯಾರೂ ಇರುತ್ತಿರಲಿಲ್ಲ ಅಂದು ನಕ್ಕರು.

ರೇಜರ್ ನನ್ನದೇ ಬೇರೆ ಇರಬೇಕೆಂದೂ ಹೇಳಿದ್ದರು. ಅಂಗಡಿಗೆ ಹೋಗಿ ಕೇಳುವ ಧೈರ್ಯ ನನಗಿಲ್ಲ. ಮೇಷ್ಟ್ರೇ ತಂದರು. ಈಚೆಗೆ ಗಡ್ಡ ಜೋರಾಗಿ ಬೆಳೀತಾ ಅದೆ ಅಂತ ಅಂಗಡಿಯವನು ಛೇಡಿಸಿದನಂತೆ. ಇವರು ಹೂಂ ಅಂದರಂತೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗಾಗಿ ಅವರು ಹೊತ್ತ ದೊಡ್ಡ ಅಪವಾದ ಇದೇ. ಆಮೇಲೆ ಪಾಠವೂ ಆಯಿತು. ಚರ್ಮಕ್ಕೂ ಬ್ಲೇಡಿಗೂ ಮೂವತ್ತು ಡಿಗ್ರಿ ಕೋನ ಇರಲಿ, ಕೂದಲು ಬೆಳೆದ ದಿಕ್ಕಿಗೇ ಎಳೆ, ಅವಸರ ಬೇಡ ಎಂದು ಹಿಂದೆ ನಿಂತು ಕನ್ನಡಿಯಲ್ಲಿ ನೋಡುತ್ತ ಹೇಳುತ್ತಿದ್ದರು. ಗಣಿತದಲ್ಲಿ ಯಾವಾಗಲೂ ಹಿಂದುಳಿದಿದ್ದವಳು ನಾನು. ಕೋನ ತಪ್ಪಿದರೆ ರಕ್ತ ಬರುತ್ತದೆಂದು ಶಾಲೆಯಲ್ಲೇ ಯಾರಾದರೂ ಹೇಳಿದ್ದರೆ ಮನಸ್ಸಿಟ್ಟು ಕಲಿಯುತ್ತಿದ್ದೆನೇನೋ.

ಇಷ್ಟೆಲ್ಲ ಗುಟ್ಟು ಮನೆಯ ನಾಲ್ಕು ಗೋಡೆಯೊಳಗೇ ಇತ್ತು. ನನ್ನ ಹೆದರಿಕೆಯೆಲ್ಲ ಪಕ್ಕದ ಮನೆಯ ಜಯಕ್ಕನ ಕೈಬೆರಳುಗಳದು. ಪೇಟೆಯವರಾದರೆ ಅರಿಶಿನ ಕುಂಕುಮದ ತಟ್ಟೆ ಮುಂದೆ ಹಿಡಿದು, ನೀವೇ ತೆಗೆದುಕೊಳ್ಳಿ ಅನ್ನುತ್ತಾರೆ. ಜಯಕ್ಕ ಹಾಗಲ್ಲ. ನೀರಲ್ಲಿ ಕಲಸಿದ ಅರಿಶಿನವನ್ನು ಎರಡೂ ಅಂಗೈಗೆ ಬಳಿದುಕೊಂಡು, ಕೂತವಳ ಕೆನ್ನೆಯಿಂದ ಗದ್ದದವರೆಗೆ ಗೋಡೆಗೆ ಸುಣ್ಣ ಸಾರಿಸಿದಂತೆ ಸಾರಿಸುತ್ತಾರೆ. ಕಳೆದ ಗೌರಿ ಹಬ್ಬದಲ್ಲಿ ನಾನು ಮುಖವನ್ನು ಅತ್ತಿತ್ತ ವಾಲಿಸಿ, ನಾಚಿದವಳಂತೆ ತಲೆ ತಗ್ಗಿಸಿ, ಹೇಗೋ ಗದ್ದ ಉಳಿಸಿಕೊಂಡು ಗೆದ್ದು ಬಂದಿದ್ದೆ. ಮತ್ತೆ ಅಂಥ ಸಾಹಸ ಬೇಡವೆಂದು ಆಮೇಲೆ ಅವರ ಮನೆಯ ಎರಡು ಸಮಾರಂಭಕ್ಕೆ ಮಳವಳ್ಳಿಯ ತವರುಮನೆಯ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಅವತ್ತು ಸಂಜೆ ಅವರ ಮಗಳು ಪವಿತ್ರಾಗೆ ಬಳೆ ತೊಡಿಸುವ ಶಾಸ್ತ್ರ. ಮರುದಿನ ಬೆಳಿಗ್ಗೆ ಮಂಡ್ಯದಲ್ಲಿ ನನಗೆ ಲೇಸರ್. ಹಾಗಾಗಿ ಒಂದೇ ಶೇವಿನಲ್ಲಿ ಎರಡೂ ಆಗುತ್ತದೆಂದು ಲೆಕ್ಕ ಹಾಕಿ ಕನ್ನಡಿಯ ಮುಂದೆ ನಿಂತಿದ್ದೆ.

ಲೆಕ್ಕ ಸರಿಯಿತ್ತು, ಕೋನ ತಪ್ಪಿತು. ಗದ್ದದ ಕೆಳಗೆ ಚುರ್ ಅಂದಿತು. ಮೇಷ್ಟ್ರು ಪೇಪರಿನ ಮೂಲೆ ಚೂರು ಹರಿದು, ಒದ್ದೆ ಮಾಡಿ ಗಾಯದ ಮೇಲೆ ಅಂಟಿಸಿ ಸ್ಕೂಲಿಗೆ ಹೊರಟರು. ನಾನು ದೋಸೆ ಹುಯ್ಯುತ್ತ ಅದನ್ನು ಮರೆತೆ. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಜಯಕ್ಕನ ತಲೆ ಕಾಣಿಸಿತು.

"ಸೈಲಾ, ಸಂಜೀಕೆ ನೀನೇ ಮೊದ್ಲು ಬರ್ಬೇಕು ಕಣವ್ವ. ಎರ್ಡ್ ಕಿತ ತಪ್ಪುಸ್ಕಂಡಿದೀಯ. ಈ ಸಲೂ ಬರ್ನಿಲ್ಲ ಅಂದ್ರೆ ಈ ಗ್ವಾಡೆ ಮ್ಯಾಲೆ ಸಾರು ಕೊಡದು ಇಸ್ಕಳದು ಎಲ್ಲ ಇವತ್ತಿಗೇ ಮುಗೀತು ಅನ್ಕೊ."

ಇದು ತಮಾಷೆಯ ಮಾತಲ್ಲ. ಆ ಗೋಡೆಯ ಮೇಲೆ ಬಸ್ಸಾರು, ಕರಿಬೇವು, ಜ್ವರ ಬಂದಾಗ ಗಂಜಿ, ಹೆರಿಗೆಯಾದ ಹೊಸದರಲ್ಲಿ ನನ್ನ ಮಗಳನ್ನೇ ಎತ್ತಿ ಕೊಟ್ಟುಕೊಂಡಿದ್ದೇವೆ. ನಾನು ಬಂದೇ ಬರುತ್ತೇನೆ ಅಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಸರಿ ಎಂದು ಹೋದರು. ಒಳಗೆ ಬಂದು ಕನ್ನಡಿ ನೋಡಿಕೊಂಡರೆ ಗದ್ದದ ಕೆಳಗೆ ಪೇಪರ್ ಚೂರು ಹಾಗೇ ಇತ್ತು. ಅದರಲ್ಲಿ ಹವಾಮಾನ ವರದಿಯ ತುದಿ ಕಾಣುತ್ತಿತ್ತು.

ಆ ಮಧ್ಯಾಹ್ನ ನಾನು ಮಲಗಲಿಲ್ಲ. ಹೋದರೆ ಬೆರಳಿಗೆ ಸಿಕ್ಕಿಬೀಳುತ್ತೇನೆ, ಹೋಗದಿದ್ದರೆ ಜಯಕ್ಕ ಕೈತಪ್ಪುತ್ತಾರೆ. ಗದ್ದವನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಬೆಳಿಗ್ಗೆ ನುಣುಪಾಗಿದ್ದುದು ಮೂರು ಗಂಟೆಗೆ ಒರಟಾದಂತೆ, ನಾಲ್ಕಕ್ಕೆ ಮತ್ತೆ ನುಣುಪಾದಂತೆ ಅನಿಸುತ್ತಿತ್ತು. ಸ್ಕೂಲಿಂದ ಬಂದ ಮೇಷ್ಟ್ರು ಕಾಫಿ ಕುಡಿಯುತ್ತ, ಜಯಕ್ಕ ನೋಡುವುದಾದರೆ ಬೆಳಿಗ್ಗೆಯೇ ನೋಡಿದ್ದಾರೆ, ಇನ್ನು ಉಳಿದಿರುವುದು ಮುಟ್ಟುವುದು ಮಾತ್ರ ಅಂದರು. ಗಣಿತದವರ ಸಮಾಧಾನ ಹೀಗೇ ಇರುತ್ತದೆ.

ಹೋದೆ. ನಡುಮನೆಯಲ್ಲಿ ಪವಿತ್ರಾ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಬಳೆ ತೊಟ್ಟು, ಸೆಖೆಗೆ ಉಸ್ಸೆನ್ನುತ್ತ ಕೂತಿದ್ದಳು. ಅವಳ ಕೆನ್ನೆಗೆ ಅರಿಶಿನ ಹಚ್ಚಿ, ಅಕ್ಷತೆ ಹಾಕಿ ಚಾಪೆಯ ಮೂಲೆಯಲ್ಲಿ ಕೂತೆ. ಸಾಲಿನಲ್ಲಿ ಜಯಕ್ಕ ಒಬ್ಬೊಬ್ಬರಿಗೇ ಸಾರಿಸುತ್ತ ನನ್ನ ಹತ್ತಿರ ಬಂದರು. ಈ ಸಲ ವಾಲಲು ಜಾಗವಿರಲಿಲ್ಲ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಸೋಮನಹಳ್ಳಿಯಿಂದ ಬಂದಿದ್ದ ಬೀಗಿತ್ತಿ. ತಣ್ಣಗಿನ ಎರಡು ಅಂಗೈ ನನ್ನ ಕೆನ್ನೆಯ ಮೇಲೆ ಕೂತವು, ಜಾರಿದವು, ಗದ್ದದ ಕೆಳಗೆ ಬಂದು ನಿಂತವು. ನಾನು ಕಣ್ಣು ಮುಚ್ಚಿಕೊಂಡೆ.

ಜಯಕ್ಕ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ಗೌರಿ ಅಬ್ಬದಾಗೆ ಬತ್ತ ಕುಯ್ದ ಕೂಳೆ ಮ್ಯಾಲೆ ಕೈ ಆಡಿಸ್ದಂಗಾಗಿತ್ತು. ಈಗ ನುಣ್ಣಗಾಗದೆ ಬುಡು."

ಕಣ್ಣು ಬಿಟ್ಟೆ. ಯಾರ ಸೀರೆಯ ಫಾಲ್ ಬಿಚ್ಚಿದೆ, ಯಾರ ಮೂಗುಬೊಟ್ಟಿನ ಹರಳು ಬದಲಾಗಿದೆ ಎಂಬುದೆಲ್ಲ ಮೊದಲ ನೋಟಕ್ಕೇ ಗೊತ್ತಾಗುತ್ತದೆಂದು ಬೀಗುವವಳು ನಾನು. ಇಷ್ಟು ವರ್ಷ ಗೋಡೆಯಾಚೆ ಕಂಡ ಮುಖ ಒಂದು ಗೇಣು ದೂರದಲ್ಲಿತ್ತು. ಅದರ ಗದ್ದದ ಕೆಳಗೆ, ಅರಿಶಿನದ ನಡುವೆ, ನನ್ನದರಂಥದೇ ಒಂದು ಸಣ್ಣ ಕೊಯ್ದ ಗೆರೆ ಇತ್ತು.

ಜಯಕ್ಕ ತಟ್ಟೆ ಎತ್ತಿಕೊಂಡು ಬೀಗಿತ್ತಿಯ ಕಡೆ ತಿರುಗುತ್ತ, ಉಪ್ಪೋ ಸಕ್ಕರೆಯೋ ಕೇಳುವವರಂತೆ ಅಂದರು: "ನಮ್ಮನೇರು ತರೋದು ಎರ್ಡೇ ಸಲಕ್ಕೆ ಮೊಂಡಾಯ್ತದೆ ಕಣವ್ವ. ಮೇಷ್ಟ್ರು ಯಾವ್ ಬ್ಲೇಡು ತತ್ತಾರೆ, ವಸಿ ಕೇಳ್ಕಂಡು ಯೋಳು."