ಪಿಕಪ್ ಗಾಡಿಯ ಹಿಂದಿನ ಭಾರ

ನನ್ನ ಪಿಕಪ್ ಗಾಡಿಯನ್ನು ಮೆಚ್ಚದವರು ಜಮಖಂಡಿಯಲ್ಲಿ ಒಬ್ಬರೇ. ದುರ್ದೈವಕ್ಕೆ ಅವರು ನಮ್ಮ ಮನೆಯಲ್ಲೇ ಇದ್ದಾರೆ. ಒಮ್ಮೆ ಖಾಲಿ ಗಾಡಿಯಲ್ಲಿ ಮುಧೋಳಕ್ಕೆ ಹೋಗಿ ಬಂದ ನನ್ನ ಹೆಂಡತಿ ಪದ್ಮವ್ವ, ವಾರಗಟ್ಟಲೆ ಸೊಂಟಕ್ಕೆ ಎಣ್ಣೆ ತಿಕ್ಕಿಕೊಂಡಳು. ಅಂದಿನಿಂದ ನನ್ನ ದಿವ್ಯರಥಕ್ಕೆ 'ಕುಣಿಯೂ ಕುದುರಿ' ಎಂಬ ಬಿರುದು.

ಈಗ ಮಗಳು ಪ್ರಾಚಿ ಬಸುರಿ. ತೇರದಾಳದ ಬೀಗರ ಮನೆಯಲ್ಲಿ ಕುಬಸ, ಅಂದರೆ ಸೀಮಂತ ಮುಗಿಸಿ, ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರಬೇಕು.

"ಬಸುರಿ ಹುಡುಗೀನ ನಿಮ್ಮ ಗಾಡ್ಯಾಗ ಕುಂಡ್ರಸಾಕ ನಾ ಒಲ್ಲೆ. ಕಾರ್ ಹೇಳ್ರಿ," ಎಂದಳು ಪದ್ಮವ್ವ.

"ಏ ಹುಚ್ಚಿ, ಗಾಡಿ ಕುಣಿಯೂದು ಖಾಲಿ ಇದ್ದಾಗ ಅಷ್ಟ. ಹಿಂದಿನ ಗಾಲಿ ಮ್ಯಾಲಿನ ಸ್ಪ್ರಿಂಗ್ ಪಾಟಾ ಭಾರ ಹೊರಾಕಂತನ ಮಾಡಿದ್ದು. ಭಾರ ಬಿತ್ತಂದ್ರ ಬಗ್ಗತೈತಿ. ಗಾಡಿ ತೊಟ್ಟಿಲಾದಂಗ ಆಗತೈತಿ!"

ಮಹಾಲಿಂಗಪುರದ ಪೇಟೆಗೆ ಒಯ್ಯಬೇಕಿದ್ದ ನಮ್ಮ ಗಾಣದ ಬೆಲ್ಲವನ್ನೇ ಹೇರಿದೆ. ಹೋಗಿ ಬರುವತನಕ ಭಾರ, ಮರುದಿನ ವ್ಯಾಪಾರ. (ಇಂಥ ತಲೆ ನಮ್ಮ ಮನೆತನದಲ್ಲಿ ಮತ್ತಾರಿಗೂ ಇಲ್ಲ.) ಗಾಡಿ ಎಷ್ಟು ಹಗೂರ ಹೋಯಿತೆಂದರೆ, ಪದ್ಮವ್ವ ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡೇ ಗೊರಕೆ ಹೊಡೆದಳು.

ತೇರದಾಳದಲ್ಲಿ ಕೈಕಾಲು ತೊಳೆದು ಹೊರಗೆ ಬರುತ್ತೇನೆ, ಗಾಡಿ ಖಾಲಿ! ಪಡಸಾಲೆಯ ತುಂಬ ಬೆಲ್ಲ. ಹೆಂಗಸರು ಅದನ್ನು ಒಡೆದು ಮನೆಮನೆಗೆ ಬೀರತೊಡಗಿದ್ದಾರೆ. ಕುಬಸಕ್ಕೆ ತವರಿನಿಂದ ಬಂದದ್ದೆಲ್ಲ ಓಣಿಗೆ ಹಂಚುವ ಬುತ್ತಿಯೇ ಅಲ್ಲವೆ?

"ಏನ್ ಬೀಗರ, ಇಡೀ ಓಣಿಗೆ ಬೆಲ್ಲ ತಂದೀರಲ್ರಿ!" ಬೀಗರಾದ ತಾತ್ಯಾಸಾಹೇಬರು ನನ್ನನ್ನು ಅಪ್ಪಿಕೊಂಡೇ ಬಿಟ್ಟರು. "ಮನಸ್ಸು ದೊಡ್ಡದು ಬಿಡ್ರಿ ನಿಮ್ಮದು!"

ನಾನು ಬಾಯಿ ತೆರೆದೆ. ಪದ್ಮವ್ವ ಸೆರಗಿನ ಮರೆಯಿಂದ ಕಣ್ಣು ಬಿಟ್ಟಳು. "ಅದೇನ್ ಮಹಾ ಬಿಡ್ರಿ," ಎಂದುಬಿಟ್ಟೆ. ಬೀಗರ ಮನೆಗೆ ಬಂದ ಬುತ್ತಿಯನ್ನು ವಾಪಸ್ ಹೇರಿಕೊಂಡ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಹೊರಟೆವು. ಓಣಿ ದಾಟುವುದರೊಳಗೆ ಒಂದು ಉಬ್ಬು ಬಂತು, ಖಾಲಿ ಗಾಡಿ ಜಿಗಿಯಿತು. ಪ್ರಾಚಿ ಹೊಟ್ಟೆ ಹಿಡಿದುಕೊಂಡು "ಅಪ್ಪಾ, ನಿಂದ್ರಸು!" ಎಂದು ಚೀರಿದಳು.

ಗಾಡಿ ನಿಲ್ಲಿಸಿದೆ. ಬೆಲ್ಲ ಹಾಳಾಗಿ ಹೋಗಲಿ, ನನ್ನ ಮಗಳಿಗೆ ಏನಾದರೂ ಆಗಿದ್ದರೆ?

"ಏನೂ ಆಗಿಲ್ಲಪ್ಪಾ. ಆದ್ರ ಜಮಖಂಡಿತನಕ ಹಿಂಗಾದ್ರ ನನ್ನ ಕಡೆ ಆಗಂಗಿಲ್ಲ."

ಮೆಲ್ಲಗೆ ಹಿಂದೆ ಬಂದೆವು. ಅಳಿಯ ಅಭಿನಂದನ, ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯವರನ್ನು ಕೇಳಿ ಉಸುಕಿನ ಚೀಲ ಹೇರಿಸಿದ. ಪದ್ಮವ್ವ ಗಾಡಿಯನ್ನು ನೋಡಿದಳು, ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇನ್ನೊಂದೀಟು ಭಾರ ಇದ್ರ ಛಲೋ ಏನ್ರಿ?"

"ಮತ್ತ! ಎಷ್ಟ್ ಇದ್ರ ಅಷ್ಟ್ ಛಲೋ," ಎಂದೆ, ಪಂಡಿತನ ಗತ್ತಿನಲ್ಲಿ.

"ಹಂಗಾರ ನೀವು ಹಿಂದ ಹತ್ರಿ. ಗಾಡಿ ಅಳಿಯಂದ್ರು ಹೊಡೀತಾರ."

ತಾತ್ಯಾಸಾಹೇಬರೇ ಕೈಕೊಟ್ಟು ಹತ್ತಿಸಿದರು. ಜರಿ ರುಮಾಲು ಸುತ್ತಿಕೊಂಡು ಉಸುಕಿನ ಚೀಲಗಳ ನಡುವೆ ಕುಳಿತೆ. ಬೆಲ್ಲ ತಿನ್ನುತ್ತ ಇಡೀ ಓಣಿ ನನ್ನನ್ನು ಬೀಳ್ಕೊಟ್ಟಿತು.

ಮನೆ ಮುಟ್ಟಿದಾಗ ಪ್ರಾಚಿ ಅವ್ವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. "ಖರೇನ ತೊಟ್ಟಿಲ ಆಗಿತ್ತಪ್ಪಾ," ಎಂದಳು ಎದ್ದು. ಮೈತುಂಬ ಧೂಳಿದ್ದರೂ ನನಗೆ ಸ್ವರ್ಗ ಮೂರೇ ಗೇಣು.

ಈಗ ಅಳಿಯ ಬಂದು ಮಗಳನ್ನು ದವಾಖಾನೆಗೆ ತೋರಿಸಲು ಹೊರಟರೆ, ಪದ್ಮವ್ವ ಕಾರಿನ ಮಾತೇ ಎತ್ತುವುದಿಲ್ಲ. ಗಾಡಿಯ ಹಿಂಬಾಗಿಲ ಫಾಳಕಿ ಇಳಿಸಿ, ಸುಮ್ಮನೆ ನನ್ನ ಕಡೆ ನೋಡುತ್ತಾಳೆ.